ಕೈಯಾಗ ಹಿಟ್ಟು, ಕಂಕುಳಾಗ ಕೂಸು: ಪ್ರಾರ್ಥನಿಗೆ ಟೈಮ್ ಹೆಂಗ ಮಾಡ್ಕೋತೀರಿ?

ಎಲ್ಲಾ ಅಕ್ಕ-ತಂಗ್ಯಾರಿಗೂ ವಂದನೆಗಳು. ನಾ ಬೀದರ್‌ದಾಕಿ, ಸಾಲ್ಯಾಗ ಟೀಚರ್, ದೊಡ್ಡವಂಗ 4 ವರ್ಷ, ಸಣ್ಣಾಕಿಗಿ 7 ತಿಂಗಳು. ಮುಂಜಾನಿ 5ಕ್ಕ ಎದ್ದು ರೊಟ್ಟಿ, ಪಲ್ಯ, ಡಬ್ಬಿ, ಕೂಸಿನ ಹಾಲು, 8ಕ್ಕ ಆಟೋ, ಸಂಜಿಕ ಬಂದ್ರ ಮತ್ತ ಒಲಿ ಮುಂದ. ನಮ್ಮವ್ವ ದಿನಾ 4ಕ್ಕ ಎದ್ದು ಮೊಣಕಾಲೂರಿ ಪ್ರಾರ್ಥನಿ ಮಾಡ್ತಿದ್ಲು, ನಂಗ ಅದು ಆಗವಲ್ದು. ಮೊನ್ನೆ ರಾತ್ರಿ ಸತ್ಯವೇದ (ಬೈಬಲ್) ತೆಗದು ಎರಡು ವಚನ ಓದೂದ್ರಾಗೇ ನಿದ್ದಿ ಹತ್ತಿ, ಎಚ್ಚರಾದಾಗ ಪುಸ್ತಕ ಎದಿ ಮ್ಯಾಲೇ ಇತ್ತು. ಭಾನುವಾರ ಆರಾಧನಿಗೆ ಹೋದ್ರೂ ಕೂಸು ಅಳ್ತದ ಅಂತ ಅರ್ಧ ಹೊತ್ತು ಹೊರಗೇ. ದೇವ್ರಿಂದ ದೂರ ಹೋಗ್ಲಕತ್ತೀನೇನೋ ಅಂತ ಹೆದರಿಕಿ ಆಗ್ತದ. ನೀವೆಲ್ಲ ಹೆಂಗ ಮಾಡ್ತೀರಿ, ಹೇಳ್ರಿ.

*

ಯಾದಗಿರಿಯಿಂದ: ನಾ ನರ್ಸ್ ಇದ್ದೀನ್ರಿ, ನೈಟ್ ಡ್ಯೂಟಿ ಬಂದ ವಾರ ಹಗಲು ಯಾವ್ದು ರಾತ್ರಿ ಯಾವ್ದು ಅಂತನೇ ತಿಳಿಯಂಗಿಲ್ಲ. ವರ್ಷದಾಗ ಇಡೀ ಸತ್ಯವೇದ ಮುಗಿಸಬೇಕು ಅಂತ ಎರಡು ಸಲ ಶುರು ಮಾಡಿ ಎರಡೂ ಸಲ ಮೂರನೇ ಪುಸ್ತಕ ಯಾಜಕಕಾಂಡದಾಗ ನಿಂತೆ, ನಿಂತಾಗ ನಿಮ್ಮಂಗೇ ಹೆದರೀನಿ. ಆಮೇಲೆ ಮಾರ್ಕನ ಸುವಾರ್ತೆ ಹಿಡದೆ, 16 ಅಧ್ಯಾಯ ಅಷ್ಟೇ, ದಿನಕ್ಕ ನಾಲ್ಕೈದು ವಚನ. ಅದ್ರಾಗ ಒಂದು ವಚನ ಚೀಟಿ ಮ್ಯಾಲ ಬರದು ರೊಟ್ಟಿ ಬಡಿಯೋ ಕಟ್ಟಿ ಮ್ಯಾಲಿನ ಗ್ವಾಡಿಗೆ ಹಚ್ಚೀನಿ. ಹದಿನೈದು ರೊಟ್ಟಿ ಬಡಿಯೂದ್ರಾಗ ಅದು ಬಾಯಿಪಾಠ ಆಗಿರ್ತದ, ಆ ಬಡಿತಕ್ಕ ಸರಿಯಾಗಿ ಹೇಳ್ಕೋತ ಹೋಗ್ತೀನಿ. ಚೀಟಿಗೆ ಪ್ಲಾಸ್ಟಿಕ್ ಕವರ್ ಹಾಕ್ರಿ, ಇಲ್ಲಂದ್ರ ಒಗ್ಗರಣಿ ಸಿಡದು ಅಕ್ಷರ ಕಾಣಂಗಿಲ್ಲ. ನಿಮಗ ಮೊದಲ್ನೇ ಚೀಟಿ ನಾ ಹೇಳ್ತೀನಿ, ಯೆಶಾಯ ಪ್ರವಾದಿ ಪುಸ್ತಕದ 40:11. ದೇವ್ರು ಕುರುಬನಂಗ ಮರಿಗಳನ್ನ ಎದಿಗಪ್ಕೋತಾನ, ಹಾಲು ಕುಡಿಸೋ ಕುರಿಗಳನ್ನ ಮೆಲ್ಲಕ ನಡಿಸ್ತಾನ ಅಂತ ಅದ ಅಲ್ಲಿ. ಏಳು ತಿಂಗಳ ಕೂಸಿನ ತಾಯಿನ್ನ ಆತ ಅವಸರ ಮಾಡ್ಸಂಗಿಲ್ರಿ.

*

ಬೀದರ್, ಮಂಗಲಪೇಟದಿಂದ: ತಂಗಿ, ನನಗ 60 ದಾಟ್ಯಾವ, ನಾಲ್ಕು ಮಕ್ಕಳನ್ನ ಬೆಳಸೀನಿ. ನಿಮ್ಮವ್ವ 4ಕ್ಕ ಏಳ್ತಿದ್ಲು ಅಂದಿ, ಆದ್ರ ಆಗ ರಾತ್ರಿ 8ಕ್ಕ ಊಟ ಮುಗಿಸಿ ದೀಪ ಆರಸ್ತಿದ್ವಿ, ನೀ ಮಲಗೋದು ಎಷ್ಟಕ್ಕ? ಕೀರ್ತನೆ 127 ತೆಗದು ನೋಡು, ನಸುಕಿನ್ಯಾಗ ಎದ್ದು ತಡಾ ಮಾಡಿ ಮಲಗಿ ಒದ್ದಾಡೋದು ವ್ಯರ್ಥ, ತನ್ನ ಪ್ರಿಯರಿಗೆ ದೇವ್ರು ನಿದ್ದಿ ಕೊಡ್ತಾನ ಅಂತ ಬರದದ. ಪ್ರವಾದಿ ಎಲೀಯ ಸಾಕಾಗಿ ಗಿಡದ ಕೆಳಗ ಮಲಗಿದಾಗ ದೇವದೂತ ಬಂದು ಬೈಲಿಲ್ಲ, ಕೆಂಡದ ಮ್ಯಾಲ ಸುಟ್ಟ ರೊಟ್ಟಿ, ನೀರು ಕೊಟ್ಟ, ಮತ್ತ ಮಲಗಾಕ ಬಿಟ್ಟ. ದೇವ್ರ ಬೆಟ್ಟ ಹೋರೇಬಿಗೆ ಆತ ಹೊಂಟಿದ್ದು ಆಮ್ಯಾಲ.

ಇನ್ನೊಂದು. ನಮ್ಮ ಮೆಥೋಡಿಸ್ಟ್ ಸಭೆ ಶುರು ಆಗಿದ್ದು ಜಾನ್ ವೆಸ್ಲಿಯಿಂದ ಅಂತ ಎಲ್ಲಾರಿಗೂ ಗೊತ್ತದ, ಆತನ ತಾಯಿ ಸುಸನ್ನಾ ಬಗ್ಗೆ ಯಾರೂ ಮಾತಾಡಂಗಿಲ್ಲ. 19 ಹೆತ್ತಾಕಿ, ಎಷ್ಟೋ ಕೂಸುಗಳನ್ನ ಎಳೇದ್ರಾಗೇ ಮಣ್ಣು ಮಾಡಿದಾಕಿ. ಮನಿ ತುಂಬ ಮಕ್ಕಳು, ಕೂಡಾಕ ಒಂದು ಖೋಲಿ ಇಲ್ಲ, ಅದಕ್ಕ ಏಪ್ರನ್ ಎತ್ತಿ ತಲಿ ಮ್ಯಾಲ ಹಾಕ್ಕೊಂಡು ಪ್ರಾರ್ಥನಿ ಮಾಡ್ತಿದ್ಲಂತ, ಅವ್ವ ಹಂಗ ಕುಂತಾಳಂದ್ರ ಮಕ್ಕಳು ಮಾತಾಡಸ್ತಿರಲಿಲ್ಲಂತ. ಒಬ್ಬೊಬ್ಬ ಮಗುವಿಗೂ ವಾರದಾಗ ಒಂದು ಸಂಜಿ ಇಟ್ಟಿದ್ಲು, ಜಾನ್‌ನದು ಗುರುವಾರ. ನಮಗ ಏಪ್ರನ್ ಯಾಕ ಬೇಕು, ಸೆರಗು ಅದ ಅಲ್ಲ. ನಾನೂ ಸೆರಗು ತಲಿ ಮ್ಯಾಲ ಎಳಕೊಂಡು ಒಲಿ ಮುಂದೇ ಕೂಡ್ತಿದ್ದೆ, ಎರಡು ನಿಮಿಷ.

*

ಕಲಬುರಗಿಯಿಂದ: ನಾವು ಕಥೋಲಿಕರು. ಜಪಸರ, ಅಂದ್ರ ಮಣಿ ಎಣಿಸ್ಕೋತ ಮಾಡೋ ಪ್ರಾರ್ಥನಿ, ಒಂದೇ ಸಲ ಕೂತು ಮುಗಿಸೋದು ನನಗ ಆಗಂಗಿಲ್ಲ, ಅದರ ಐದು ಭಾಗ (ರಹಸ್ಯ ಅಂತೀವಿ) ಐದು ಕಡೆ ಹಂಚೀನಿ, ಹತ್ತು ಮಣಿ ಬಸ್ಸಿನ್ಯಾಗ, ಹತ್ತು ಅರವಿ ಒಣಹಾಕೋವಾಗ ಬಟ್ಟು ಎಣಿಸ್ಕೋತ, ಹಂಗ. ಒಂದು ಹತ್ತು ಯಾವಾಗ್ಲೂ ನಮ್ಮ ಅತ್ತಿಯವ್ರ ಸಲುವಾಗಿ, ಅವ್ರ ಜೊತಿ ಜಗಳ ಆದ ದಿನಾನೂ. ಹೇಳಾಕ ಭಾಳ ಕಷ್ಟ ಆಗ್ತದ ಆ ದಿನ, ಆದ್ರ ಬಿಡಂಗಿಲ್ಲ.

*

ಕಲಬುರಗಿಯಿಂದ ಇನ್ನೊಬ್ಬಾಕಿ: ಎಲ್ಲಾರೂ ಹೇಳಿದ್ದು ಖರೇನೇ, ಆದ್ರೂ ನಂದು ಸ್ವಲ್ಪ ಬ್ಯಾರೆ ಮಾತು. ನಾನೂ ಕೆಲಸ ಮಾಡ್ಕೋತ ಪ್ರಾರ್ಥನಿ ಮಾಡಿದ್ರ ಸಾಕು ಅಂತ ಎರಡು ವರ್ಷ ಇದ್ದೆ, ಆಮೇಲೆ ನೋಡಿದ್ರ ಕೆಲಸ ಅಷ್ಟೇ ಉಳದಿತ್ತು, ಪ್ರಾರ್ಥನಿ ಯಾವಾಗ ಕರಗಿ ಹೋತೋ ತಿಳೀಲಿಲ್ಲ. ಯೇಸು ಮನಿಗೆ ಬಂದಾಗ ಮಾರ್ಥ ಕೆಲಸದಾಗ ಮುಳುಗಿದ್ಲು, ತಂಗಿ ಮರಿಯ ಆತನ ಪಾದದ ಹತ್ರ ಕುಂತು ಮಾತು ಕೇಳ್ತಿದ್ಲು. ಮಾರ್ಥಳ ಅಡಿಗಿ ತಪ್ಪಲ್ಲ, ಆದ್ರ ಮರಿಯಳು ಕುಂತ ಜಾಗಾನೂ ನಮಗ ಬೇಕು. ಹೊತ್ತು ಇಲ್ಲ ಅಂತ ನಾವು ದೇವ್ರ ಮುಂದ ಅಳ್ತೀವಿ, ಗಂಡನ ಮುಂದ ಒಂದು ಮಾತು ಹೇಳಂಗಿಲ್ಲ. ನಾ ಹೇಳ್ದೆ. ಈಗ ಗುರುವಾರ ಮತ್ತ ಶನಿವಾರ ಸಂಜಿಕ ಅರ್ಧ ತಾಸು ಮಕ್ಕಳು ಅವರ ಕಡೆ, ನಾ ಬಾಗಲ ಹಾಕ್ಕೊಂಡು ಕೂಡ್ತೀನಿ. ಮೊದಲ ಎರಡು ವಾರ ಹಾಲು ಎಲ್ಲದ, ಚಡ್ಡಿ ಎಲ್ಲದ ಅಂತ ಬಾಗಲ ಬಡದ್ರು, ಆಮೇಲೆ ರೂಢಿ ಆತು. ಫೋನ್ ಹೊರಗ ಇಡ್ರಿ. ಆಡಿಯೋ ಸತ್ಯವೇದ ಕನ್ನಡದಾಗ ಛಲೋ ಅದ, ಅಡಿಗಿ ಮಾಡ್ಕೋತ ಕೇಳಾಕ, ಆದ್ರ ಓದ್ಲಾಕ ಫೋನ್ ಹಿಡದ್ರ ನಡುವೆ ಒಂದು ಮೆಸೇಜ್ ಬಂತು ಅಂದ್ರ ಮುಗೀತು. ಮತ್ತ ಭಾನುವಾರ ನಿಮ್ಮ ಮುಂದಿನ ಸಾಲಿನ ಹುಡುಗ್ಯಾರಿಗೆ ಕೂಸು ಹತ್ತು ನಿಮಿಷ ಹಿಡಿ ಅನ್ರಿ, ಹಿಡೀತಾರ, ನಾವು ಕೇಳಂಗಿಲ್ಲ ಅಷ್ಟೇ.

*

ಕೇಳಿದಾಕಿ: ಅಕ್ಕೋರೆ, ರಾತ್ರಿ ಎಲ್ಲಾ ಓದಿ ಅತ್ತೆ. ಮುಂಜಾನಿ ಯೆಶಾಯನ ಚೀಟಿ ಹಚ್ಚೀನಿ, ಕವರ್ ಹಾಕೇ. ಹಿಟ್ಟು ನಾದಿಟ್ಟು ಸೆರಗು ತಲಿ ಮ್ಯಾಲ ಎಳಕೊಂಡು ಕುಂತಿದ್ದೆ, ದೊಡ್ಡವ ಬಂದು ಒಳಗ ತೂರಿ ಅವ್ವಾ ಏನ್ ಮಾಡ್ಲಕತ್ತಿ ಅಂದ. ಇಬ್ಬರೂ ಸೇರಿ ತಂಗಿ ಹೆಸರು ಹೇಳಿ ಆಮೆನ್ ಅಂದ್ವಿ. ಅರ್ಧ ತಾಸಿನ ಮಾತು ಮನ್ಯಾವ್ರ ಮುಂದ ಇನ್ನಾ ಆಡಿಲ್ರಿ, ಈ ಭಾನುವಾರ ಊಟ ಆದ ಮ್ಯಾಲ ಹೇಳಬೇಕು ಅಂತ ಮಾಡೀನಿ. ಅದಕ್ಕೂ ಪ್ರಾರ್ಥನಿ ಮಾಡ್ರಿ.