ಎಡಗಡೆ 2010, ಬಲಗಡೆ 2020

ಚಿಕ್ಕಪ್ಪ: (ಫೋಟೋ) ನಮ್ಮ ಲಾಸ್ ಏಂಜಲೀಸ್ ಬಾಸ್ಕೆಟ್‌ಬಾಲ್ ತಂಡ ನೋಡಿ: ಎಡಗಡೆ 2010ರ ಲೇಕರ್ಸ್, ಬಲಗಡೆ 2020ರ ಲೇಕರ್ಸ್. ಎರಡರಲ್ಲೂ ಕಪ್. ಕೆಳಗೆ ಬರೆದಿರುವುದನ್ನು ಓದಿ, "ದೊಡ್ಡ ಮನೆತನ ಬೀಳುವುದಿಲ್ಲ."

ರಘು: ಚಿಕ್ಕಪ್ಪ, ನಡುವಿನ ವರ್ಷಗಳ ಫೋಟೋ ಎಲ್ಲಿ? 2013-14ರಿಂದ ಸತತ ಆರು ಸೀಸನ್ ಪ್ಲೇಆಫ್ (ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳು) ಮುಖವನ್ನೇ ನೋಡಿಲ್ಲ. 2015-16ರಲ್ಲಿ ಗೆದ್ದಿದ್ದು 17, ಸೋತಿದ್ದು 65. ಆ ತಂಡದ ಇತಿಹಾಸದಲ್ಲೇ ಅಷ್ಟು ಕೆಟ್ಟ ಸೀಸನ್ ಇಲ್ಲ.

ಚಿಕ್ಕಪ್ಪ: ನಮ್ಮ ದೊಡ್ಡ ಆಟಗಾರ ಕೋಬಿ ಬ್ರಯಂಟ್‌ಗೆ ಪೆಟ್ಟಾಯಿತಪ್ಪ, ಏನು ಮಾಡುವುದು? 2013ರ ಏಪ್ರಿಲ್‌ನಲ್ಲಿ ಹಿಮ್ಮಡಿ ಮೇಲಿನ ಅಕಿಲೀಸ್ ಸ್ನಾಯುರಜ್ಜು ಕಿತ್ತುಹೋಗಿದ್ದರೂ ಎರಡು ಫ್ರೀ ಥ್ರೋ ಹಾಕಿ, ಎರಡನ್ನೂ ಬುಟ್ಟಿಗಿಳಿಸಿ, ಆಮೇಲೆ ನಡೆದುಕೊಂಡೇ ಹೊರಗೆ ಹೋದ. ಅಂಥವನು ಇನ್ನೊಬ್ಬ ಸಿಗುತ್ತಾನಾ?

ರಘು: ಕೋಬಿಗೆ ನಾನೂ ಕೈಮುಗಿಯುತ್ತೇನೆ. ಆದರೆ ಅದೇ ನವೆಂಬರ್‌ನಲ್ಲಿ, ಅವನು ಕೋರ್ಟಿಗೆ ವಾಪಸ್ ಬರುವ ಮೊದಲೇ, ಎರಡು ವರ್ಷಕ್ಕೆ 4.85 ಕೋಟಿ ಡಾಲರ್ ಒಪ್ಪಂದ ಮಾಡಿದರಲ್ಲ, ಸಂಬಳಕ್ಕೆ ಮಿತಿ ಇರುವ ಲೀಗಿನಲ್ಲಿ ಒಬ್ಬನಿಗೇ ಅಷ್ಟು ಕೊಟ್ಟರೆ ಮಿಕ್ಕವರಿಗೆ ಏನು ಉಳಿಯುತ್ತದೆ?

ಸುಮಕ್ಕ: ನನ್ನ ಆಫೀಸಿನಲ್ಲಿ ಯಾರೂ ಕೋಬಿಯನ್ನು ಬೈಯುವುದಿಲ್ಲ ರಘು. ಲಾಸ್ ಏಂಜಲೀಸ್ ಜನ ಬೈಯುವುದು ಜಿಮ್ ಬಸ್‌ನನ್ನು. (ಮನೆ ಹೆಸರೇ ಬಸ್, ನಗಬೇಡಿ.) ತಂಡದ ಮಾಲೀಕರಾಗಿದ್ದ ಅಪ್ಪ ಜೆರಿ ಬಸ್ 2013ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆಟಗಾರರನ್ನು ತರುವ ಕೆಲಸ ಮಗ ಜಿಮ್‌ದು, ವ್ಯವಹಾರ ಮಗಳು ಜೀನಿಯದು. 2016ರಲ್ಲಿ ಟೀವಿ ದುಡ್ಡು ಬಂದು ಸಂಬಳದ ಮಿತಿ 7 ಕೋಟಿಯಿಂದ 9.4 ಕೋಟಿ ಡಾಲರ್‌ಗೆ ಹಾರಿತು. ಇವರು ಆ ದುಡ್ಡಿನಲ್ಲಿ ತಂದಿದ್ದು ಯಾರನ್ನು? ಮೊಜ್ಗಾವ್‌ಗೆ 6.4 ಕೋಟಿ, ಲುವಾಲ್ ಡೆಂಗ್‌ಗೆ 7.2 ಕೋಟಿ, ನಾಲ್ಕು ನಾಲ್ಕು ವರ್ಷಕ್ಕೆ! ಮುಂದಿನ ಫೆಬ್ರುವರಿಯಲ್ಲಿ ಜೀನಿ ಅಣ್ಣನನ್ನೇ ತೆಗೆದು ತಂಡದ ಹಳೇ ತಾರೆ ಮ್ಯಾಜಿಕ್ ಜಾನ್ಸನ್‌ನನ್ನು ಕೂರಿಸಿದಳು.

ಅತ್ತೆ: ತಂಗಿ ಅಣ್ಣನನ್ನು ಹೊರಗೆ ಹಾಕಿದಳಾ? ಸರಿಯಾಗಿ ಮಾಡಿದಳು. ಇಲ್ಲಿ ತೋಟದ ಲೆಕ್ಕ ಕೇಳಿದ್ದಕ್ಕೇ ನಾನು ಎಷ್ಟು ಮಾತು ಕೇಳಬೇಕಾಯಿತು.

ಚಿಕ್ಕಪ್ಪ: ಸರೋಜಾ, ಇದು ಬಾಸ್ಕೆಟ್‌ಬಾಲ್ ವಿಷಯ.

ಅತ್ತೆ: ನಾನೂ ಅದನ್ನೇ ಹೇಳುತ್ತಿದ್ದೇನೆ ಅಣ್ಣಾ.

ಚಿಕ್ಕಪ್ಪ: ರಘು, ಸೋತಿದ್ದೂ ದಂಡವಾಗಲಿಲ್ಲ ಕಣೋ. ಸೋತವರಿಗೆ ಹೊಸ ಹುಡುಗರನ್ನು ಮೊದಲು ಆರಿಸುವ ಅವಕಾಶ ಜಾಸ್ತಿ. 2016ರಲ್ಲಿ ಇಂಗ್ರಾಮ್, 2017ರಲ್ಲಿ ಲಾಂಜೊ ಬಾಲ್, ಇಬ್ಬರೂ ಎರಡನೇ ಆಯ್ಕೆ. ಆ ಇಬ್ಬರನ್ನೂ, ಜೊತೆಗೆ ಜಾಶ್ ಹಾರ್ಟ್‌ನನ್ನೂ ಮುಂದಿನ ಆಯ್ಕೆಗಳನ್ನೂ ಕೊಟ್ಟೇ ಅಲ್ವಾ 2019ರಲ್ಲಿ ಆಂಥೊನಿ ಡೇವಿಸ್‌ನನ್ನು ತಂದಿದ್ದು? ಇದನ್ನೇ ದೂರದೃಷ್ಟಿ ಅನ್ನುವುದು.

ರಘು: ದೂರದೃಷ್ಟಿ ಅಲ್ಲ, ಚೀಟಿ ಎತ್ತಿದ್ದು. ಸ್ಟೀವ್ ನ್ಯಾಶ್‌ನನ್ನು ತರುವಾಗ ಮೊದಲ ಸುತ್ತಿನ ಆಯ್ಕೆಯನ್ನು ಆಗಲೇ ಬರೆದುಕೊಟ್ಟಿದ್ದರು. ಆತ ಮೂರು ವರ್ಷದಲ್ಲಿ ಆಡಿದ್ದು 65 ಪಂದ್ಯ. ಆ ಎರಡೂ ವರ್ಷ ಆಯ್ಕೆಯ ಸರದಿ ಗೊತ್ತುಮಾಡುವ ಲಾಟರಿ ಮೊದಲ ಮೂರರೊಳಗೆ ಬಿತ್ತು, ಅದಕ್ಕೇ ಉಳಿಯಿತು. ನಾಲ್ಕಕ್ಕೆ ಬಿದ್ದಿದ್ದರೆ ಫಿಲಡೆಲ್ಫಿಯಾ ಪಾಲು. ಇಂಗ್ರಾಮೂ ಇಲ್ಲ, ಬಾಲೂ ಇಲ್ಲ, ಡೇವಿಸ್ ಅಂತೂ ಕನಸು. ಇನ್ನು 2015ರಲ್ಲಿ ಆರಿಸಿದ ರಸೆಲ್‌ನನ್ನು ಮೊಜ್ಗಾವ್ ಭಾರ ಇಳಿಸಿಕೊಳ್ಳುವುದಕ್ಕೆ ಬ್ರೂಕ್ಲಿನ್‌ಗೆ ಕಳಿಸಿದರು. ಅಲ್ಲಿ ಹೋಗಿ ಅವನು ಆಲ್‌ಸ್ಟಾರ್ ಆದ.

ಚಿಕ್ಕಪ್ಪ: ಮತ್ತೆ ಲೆಬ್ರಾನ್ ಜೇಮ್ಸ್‌ನಂಥ ದೊಡ್ಡ ಆಟಗಾರ ಸುಮ್ನೆ ಬಂದನಾ?

ರಘು: ಊರು ನೋಡಿ ಬಂದ. ಬಂದ ಮೊದಲ ವರ್ಷ 37-45. ಮ್ಯಾಜಿಕ್ ಅಂತೂ ಜೀನಿಗೂ ಹೇಳದೆ ಪತ್ರಕರ್ತರ ಮುಂದೆಯೇ ರಾಜೀನಾಮೆ ಕೊಟ್ಟರು.

ಸುಮಕ್ಕ: ನೀವಿಬ್ಬರೂ ಲೆಕ್ಕದಲ್ಲೇ ಇದ್ದೀರಿ. 2020ರ ಜನವರಿ 26ರಂದು ಕೋಬಿ, ಮಗಳು ಜಿಯಾನಾ ಇದ್ದ ಹೆಲಿಕಾಪ್ಟರ್ ಬಿದ್ದು ಇಬ್ಬರೂ ತೀರಿಕೊಂಡರಲ್ಲ, ಆ ವಾರ ಲೇಕರ್ಸ್ ಆಡುತ್ತಿದ್ದ ಸ್ಟೇಪಲ್ಸ್ ಸೆಂಟರ್ ಮುಂದೆ ಹೂವಿನ ರಾಶಿ. ನಾನೂ ಹೋಗಿದ್ದೆ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಕೋಬಿಯ ಎಂಟನೇ ನಂಬರ್ ಜೆರ್ಸಿ ಹಾಕಿಕೊಂಡು ಅಳುತ್ತಿದ್ದರು. ಅಕ್ಟೋಬರ್‌ನಲ್ಲಿ ಕಪ್ ಗೆದ್ದಿದ್ದು ಫ್ಲಾರಿಡಾದಲ್ಲಿ, ಕೊರೊನಾದಿಂದಾಗಿ ಪ್ರೇಕ್ಷಕರಿಲ್ಲದ ಖಾಲಿ ಕೋರ್ಟಿನಲ್ಲಿ. 17ನೇ ಕಪ್, ಆಗ ಬಾಸ್ಟನ್‌ಗೆ ಸಮ. ಬಲಗಡೆ ಫೋಟೋ ನೋಡಿದಾಗ ನನಗೆ ನೆನಪಾಗುವುದು ಆ ಅಜ್ಜ.

ಚಿಕ್ಕಪ್ಪ: ಆಯ್ತಮ್ಮ. ಆದರೂ ಮನೆತನ ಮನೆತನವೇ.

ಅತ್ತೆ: ಹೌದು ಅಣ್ಣಾ. ತೋಟದ ಲೆಕ್ಕ ಭಾನುವಾರದೊಳಗೆ ಈ ಗುಂಪಿನಲ್ಲೇ ಹಾಕು.

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ