30 ದಿನದಲ್ಲಿ ಫ್ರೆಂಚು, ಮನೆ ಗ್ರೂಪಲ್ಲಿ ಒಂದು ಸಂಜೆ

ಅಕ್ಕ: ಫಾರ್ವರ್ಡ್ ಮಾಡಿದ್ದು: "30 ದಿನದಲ್ಲಿ ಫ್ರೆಂಚ್ ಮಾತಾಡಿ! ಝೀರೋ ಇಂದ ಎ1 (ಮೊದಲ ಮಟ್ಟ), ಮನೆಯಲ್ಲೇ ಕೂತು, ಸರ್ಟಿಫಿಕೇಟ್ ಸಮೇತ. ಇಬ್ಬರು ಸೇರಿದರೆ ಸ್ಪೆಷಲ್ ಆಫರ್"

ಅಕ್ಕ: ಇದು ಹೇಗಿದೆ ನೋಡಿ ಎಲ್ರೂ

ದೊಡ್ಡಪ್ಪ: ಯಾಕಮ್ಮ ಈಗ ಫ್ರೆಂಚು

ಭಾವ: ದೊಡ್ಡ ಮಾವ ನಾನೂ ಇದನ್ನೇ ಕೇಳ್ದೆ, ಮೂರು ದಿನದಿಂದ ಮಾತಿಲ್ಲ ಕತೆಯಿಲ್ಲ 😂

ಅಕ್ಕ: ರೀ ಇಲ್ಲೆಲ್ಲ ಬೇಡ

ಅತ್ತೆ: ಕಲೀಲಿ ಬಿಡಣ್ಣ, ಯಾಕೆ ಅಂತ ಕಾರಣ ಕೊಟ್ಟೇ ಕಲೀಬೇಕಾ ಎಲ್ಲಾನೂ

ನಾನು: ಅಕ್ಕ ದುಡ್ಡು ಕಟ್ಟಿಲ್ಲ ತಾನೇ? ಆ ಪೇಜು ಕೆಳಗಡೆವರೆಗೂ ಓದು, 40 ವಿಡಿಯೋ ಅಂತಿದೆ ಅಷ್ಟೇ, ಲೈವ್ ಕ್ಲಾಸ್ ಅಂತ ಒಂದು ಕಡೇನೂ ಬರೆದಿಲ್ಲ. ನೀನು ಮಾತಾಡಿದ್ರೆ ಕೇಳೋರು ಯಾರು ಅಲ್ಲಿ?

ಅಕ್ಕ: ಆಪ್ ಇದೆಯಲ್ಲ ಕಣೋ, ಮೈಕಲ್ಲಿ ಹೇಳಿದ್ರೆ ಹಸಿರು ಟಿಕ್ ಬರತ್ತೆ, ಡೆಮೋ ಪೂರ್ತಿ ಮಾಡ್ದೆ, ನಂದೆಲ್ಲಾ ಹಸಿರೇ

ನಾನು: ಸರಿ ಡೆಮೋಲಿ ಮೇಲೆ ಕೆಳಗೆ ಅನ್ನೋ ಎರಡು ಪದ ಇದೆ, ಎರಡೂ ಹೇಳಿ ವಾಯ್ಸ್ ನೋಟ್ ಹಾಕು

ಅಕ್ಕ: 🎤 0:04

ಭಾವ: ದಸೂ ದಸೂ. ಒಂದೇ ಪದ ಎರಡು ಸಲ ಹೇಳಿದಾಳೆ

ಅಕ್ಕ: ಇಲ್ಲ ರೀ ಬೇರೆ ಬೇರೆ ಹೇಳಿದೀನಿ

ನಾನು: ಅಲ್ಲೇ ಇರೋದು ಅಕ್ಕ ವಿಷಯ. ನಮ್ಮ ಲಿಪೀಲಿ ಬರೆದ್ರೆ ಎರಡೂ ದಸೂನೇ, ಆದ್ರೆ "ಮೇಲೆ"ಗೆ ಬರೋ ಕೊನೇ ಸ್ವರ ನಮ್ಮಲ್ಲಿ ಇಲ್ವೇ ಇಲ್ಲ. ಬಾಯಲ್ಲಿ ಈ ಅನ್ನು, ನಾಲಿಗೆ ಇದ್ದಲ್ಲೇ ಇರ್ಲಿ, ಈಗ ತುಟಿ ಮಾತ್ರ ಸೀಟಿ ಹೊಡೆಯೋ ಥರ ಮುಂದಕ್ಕೆ ತಗೊಂಡು ಬಾ, ಆಗ ಬರೋದು "ಮೇಲೆ". ಮಾಮೂಲಿ ಊ ಅಂದ್ರೆ "ಕೆಳಗೆ". ನೀನು ಎರಡು ಸಲಾನೂ ಕೆಳಗೇನೇ ಅಂದೆ, ಆಪ್ ಎರಡಕ್ಕೂ ಹಸಿರು ಕೊಡ್ತು. ನಂಗೂ ಹಿಂಗೇ ಆಗಿತ್ತು, ಎರಡು ತಿಂಗಳು ಹಸಿರು ನೋಡ್ಕೊಂಡು ಖುಷಿಯಾಗಿದ್ದೆ, ಆಮೇಲೆ ಲೈವ್ ಕ್ಲಾಸಿಗೆ ಸೇರಿದ ಮೊದಲ್ನೇ ದಿನ ಮೇಡಂ ಕ್ಯಾಮೆರಾ ಹತ್ರಕ್ಕೆ ಬಂದು ಅವ್ರ ತುಟಿ ತೋರಿಸಿ ಹತ್ತು ಸಲ ಹೇಳಿಸಿದ್ರು, ಕಿವಿ ಬಿಸಿಯಾಗೋಯ್ತು ನಾಚಿಕೆಗೆ

ದೊಡ್ಡಪ್ಪ: ಇದಕ್ಕೆಲ್ಲ ಕೋರ್ಸ್ ಯಾಕೆ. ಒಂದು ಒಳ್ಳೆ ವ್ಯಾಕರಣದ ಪುಸ್ತಕ ಇಟ್ಕೊಂಡು ಕೂತ್ರೆ ಯಾವ ಭಾಷೆ ಆದ್ರೂ ಬರತ್ತೆ. ನಾವು ಇಂಗ್ಲಿಷ್ ಹಂಗೇ ಕಲಿತಿದ್ದು

ಅತ್ತೆ: ಅಣ್ಣ ನಿನ್ನ ಇಂಗ್ಲಿಷ್ ವಿಷಯ ಬೇಡ ಈಗ

ನಾನು: ದೊಡ್ಡಪ್ಪ ಫ್ರೆಂಚಲ್ಲಿ ಪುಸ್ತಕ ಒಂದೇ ಸಾಕಾಗಲ್ಲ. ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತಾನೆ, ಮಾತಾಡ್ತಾರೆ ಅಂತ ನಾವು ನಾಲ್ಕು ಥರ ಅಂತೀವಲ್ಲ, ಅವ್ರು ಈ ನಾಲ್ಕಕ್ಕೆ ಮೂರು ಥರ ಬರೀತಾರೆ, ಬಾಯಲ್ಲಿ ಎಲ್ಲಾನೂ "ಪಾರ್ಲ್" ಅಷ್ಟೇ. ಕೊನೇಲಿರೋ ಅಕ್ಷರ ಕಣ್ಣಿಗೆ ಮಾತ್ರ. ಅದಕ್ಕೇ ನಾವು ನಾನು ನೀನು ಬಿಟ್ಟು ಮಾತಾಡಿದ್ರೂ ನಡೆಯತ್ತೆ, ಅವ್ರಿಗೆ ನಡೆಯಲ್ಲ, ಪ್ರತಿ ಸಲ ಯಾರು ಅಂತ ಹೇಳ್ಲೇಬೇಕು

ದೊಡ್ಡಪ್ಪ: ಬರೆಯೋದೊಂದು ಓದೋದೊಂದು. ಅದೂ ಒಂದು ಭಾಷೆನಾ

ನಾನು: ಇನ್ನೊಂದು ಕೇಳಿ, ಪುಸ್ತಕ ಪುಲ್ಲಿಂಗ, ಮೇಜು ಸ್ತ್ರೀಲಿಂಗ

ದೊಡ್ಡಪ್ಪ: ಮೇಜು ಹೆಂಗಸಾ??

ಅತ್ತೆ: ಎಲ್ಲರ ಭಾರ ಹೊರತ್ತಲ್ಲ ಅಣ್ಣ, ಹೆಂಗಸೇ ಇರ್ಬೇಕು

ಭಾವ: 😂😂

ನಾನು: ನಮ್ಮಲ್ಲಿ ಅರ್ಥ ನೋಡಿ ಲಿಂಗ, ವಸ್ತು ಅಂದ್ರೆ ಎಲ್ಲಾ ನಪುಂಸಕ, ತಲೆನೋವಿಲ್ಲ. ಅಲ್ಲಿ ಪದದ ಜೊತೆಗೇ ಬಾಯಿಪಾಠ ಮಾಡ್ಬೇಕು. "ಲ ಲೀವ್ರ್" ಅಂದ್ರೆ ಪುಸ್ತಕ, "ಲಾ ಲೀವ್ರ್" ಅಂದ್ರೆ ತೂಕದ ಪೌಂಡು. ಒಂದೇ ಸಮಾಧಾನ ಅಂದ್ರೆ ನೀನು ನೀವು ಅನ್ನೋದು ಅಲ್ಲೂ ಇದೆ, ಇಂಗ್ಲಿಷಿಂದ ಬರೋರು ಒದ್ದಾಡ್ತಾರೆ, ನಮಗೆ ಆ ಪಾಠ ಹೇಳ್ಕೊಡೋದೇ ಬೇಡ

ಅತ್ತೆ: ನೋಡು ಪುಟ್ಟ, ನೀನು ಲೈವ್ ಲೈವ್ ಅಂತಿದೀಯ ಆದ್ರೆ ನಂದು ಕೇಳು. ನಾನೂ ಒಂದು ಆನ್‌ಲೈನ್ ಬ್ಯಾಚ್ ಸೇರಿದ್ದೆ ಯಾರಿಗೂ ಹೇಳಿರ್ಲಿಲ್ಲ, ಲೈವೇ, ಆದ್ರೆ 25 ಜನ, ಎಲ್ರೂ ಮ್ಯೂಟು, ಮೇಷ್ಟ್ರು ಸ್ಲೈಡ್ ಓದ್ತಾ ಹೋಗೋರು, ಒಂದು ಗಂಟೇಲಿ ನಂಗೆ ಮಾತಾಡೋಕೆ ಸಿಕ್ಕಿದ್ದು "ಬೋಂಜೂರ್" ಅನ್ನೋದು, ಅದೂ ನೆಟ್ ಹೋಗಿ ಅರ್ಧ ಕೇಳಿಸ್ತಂತೆ. ಆರನೇ ಕ್ಲಾಸಿಗೆ ಬಿಟ್ಟೆ

ಅಕ್ಕ: ಅತ್ತೇ!! ನೀವಾ!

ನಾನು: ಅಯ್ಯೋ ಅತ್ತೆ. ಸರಿ ಒಪ್ತೀನಿ, ಲೈವ್ ಅಂತ ಬೋರ್ಡ್ ಹಾಕಿದ್ ತಕ್ಷಣ ಆಗಲ್ಲ. 25 ಜನಕ್ಕೆ ಒಂದು ಗಂಟೆ ಹಂಚಿದ್ರೆ ಒಬ್ರಿಗೆ ಎರಡೂವರೆ ನಿಮಿಷಾನೂ ಇಲ್ಲ. ಒಂದು ಬ್ಯಾಚಲ್ಲಿ ಎಷ್ಟು ಜನ ಅನ್ನೋದನ್ನೇ ಮೊದ್ಲು ಕೇಳ್ಬೇಕು. ಬರೀ ವಿಡಿಯೋನೇ ಬೇಕಂದ್ರೆ ಟಿವಿ5ಮೋಂದ್ ಅನ್ನೋ ಫ್ರೆಂಚ್ ಚಾನೆಲ್ಲಿನ ಸೈಟಲ್ಲಿ ಎ1 ಪಾಠ ಫ್ರೀಯಾಗೇ ಬಿದ್ದಿದೆ

ಅಕ್ಕ: ಅವ್ರು ಸರ್ಟಿಫಿಕೇಟ್ ಕೊಡಲ್ವಲ್ಲ

ನಾನು: ಇವ್ರು ಕೊಡೋದು ಕೋರ್ಸ್ ಮುಗಿಸಿದೆ ಅನ್ನೋ ಕಾಗದ ಕಣಕ್ಕ. ಬೇರೆ ಕಡೆ ಬೆಲೆ ಇರೋದು ಡೆಲ್ಫ್‌ಗೆ, ಅದು ಫ್ರಾನ್ಸಿನ ಶಿಕ್ಷಣ ಇಲಾಖೆ ಕೊಡೋದು, ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೀಬೇಕು. ಕೇಳೋದು ಓದೋದು ಬರೆಯೋದು ಮಾತಾಡೋದು, ಒಂದೊಂದಕ್ಕೆ 25, ಒಟ್ಟು 50 ಬಂದ್ರೆ ಪಾಸು, ಆದ್ರೆ ಯಾವುದ್ರಲ್ಲಾದ್ರೂ 5ಕ್ಕಿಂತ ಕಮ್ಮಿ ಬಂದ್ರೆ ಮುಗೀತು. ಪಾಸಾದ್ರೆ ಮಾತ್ರ ಜೀವನಪೂರ್ತಿ ನಿಂದೇ

ಭಾವ: ಫ್ರೆಂಚ್ ಬಂದ್ರೆ ಕೆನಡಾಕ್ಕೆ ಹೋಗಿ ನೆಲೆಸೋಕೆ ಪಾಯಿಂಟ್ ಸಿಗತ್ತಂತಲ್ಲ, ಇವ್ಳ ತಲೇಲಿ ಅದಿರ್ಬೋದು ಅಂತ ನಂಗೆ ಡೌಟು

ನಾನು: ಸಿಗತ್ತೆ ಭಾವ, ಆದ್ರೆ ಅದಕ್ಕೆ ಹೆಚ್ಚುಕಮ್ಮಿ ಬಿ2 ಮಟ್ಟ ಬೇಕು, ಎ1, ಎ2, ಬಿ1 ಎಲ್ಲಾ ದಾಟಿದ್ಮೇಲೆ ಬರೋದು ಅದು. ಮತ್ತೆ ಅಲ್ಲಿಗೆ ಡೆಲ್ಫ್ ನಡೆಯಲ್ಲ, ಟೆಫ್ ಕೆನಡಾ ಇಲ್ಲಾ ಟಿಸಿಎಫ್ ಕೆನಡಾ ಬರೀಬೇಕು, ಆ ಮಾರ್ಕ್ಸ್ ಎರಡೇ ವರ್ಷ ನಡೆಯೋದು

ಅಕ್ಕ: ಕೆನಡಾನೂ ಇಲ್ಲ ಗಿನಡಾನೂ ಇಲ್ಲ. ಸುಮ್ನೆ ಆಸೆ. ಒಂದು ಹೊಸ ಭಾಷೇಲಿ ಯಾರ್ಹತ್ರಾನಾದ್ರೂ ಐದು ನಿಮಿಷ ಮಾತಾಡ್ಬೇಕು ಅಂತ ಆಸೆ, ಅದಕ್ಕೂ ಇಷ್ಟು ಜನಕ್ಕೆ ಲೆಕ್ಕ ಕೊಡ್ಬೇಕಾ

ದೊಡ್ಡಪ್ಪ: ಈ ಮೆಸೇಜ್ ಡಿಲೀಟ್ ಮಾಡಲಾಗಿದೆ

ನಾನು: ಆಸೆ ತಪ್ಪು ಅಂತ ಯಾರಂದ್ರಕ್ಕ. ಎ1ಗೆ ಏನಿಲ್ಲ ಅಂದ್ರೂ 60ರಿಂದ 100 ಗಂಟೆ ಪಾಠ ಅಂತಾರೆ, 30 ದಿನದಲ್ಲಿ ಅಂದ್ರೆ ದಿನಕ್ಕೆ ಎರಡು ಮೂರು ಗಂಟೆ, ಒಂದಿನಾನೂ ತಪ್ಪಿಸ್ದೆ. ಅಷ್ಟು ಓದಿನೂ ನಂಬರ್ ಕೇಳಿಸ್ಕೊಳ್ಳೋದು ಬರಲ್ಲ. 97ಕ್ಕೆ ಅವ್ರು ನಾಲ್ಕು ಇಪ್ಪತ್ತು ಹದಿನೇಳು ಅಂತಾರೆ. ಅವ್ರು ಫೋನ್ ನಂಬರ್ ಎರಡೆರಡು ಅಂಕಿ ಜೋಡಿ ಮಾಡಿ ಹೇಳೋದು, "ಕಾತ್ರ್ ವ್ಯಾಂ" ಕೇಳಿದ್ ತಕ್ಷಣ ನಾನು 80 ಬರ್ದೆ, ಹಿಂದೇನೇ "ದಿಸೆತ್" ಬಂತು, 17 ಬರ್ದೆ, ಹತ್ತಂಕಿ ನಂಬರ್ ನನ್ನ ಪೇಪರಲ್ಲಿ ಹನ್ನೆರಡಂಕಿ ಆಗಿತ್ತು. ಬೆಲ್ಜಿಯಮ್ಮು ಸ್ವಿಟ್ಜರ್ಲೆಂಡಲ್ಲಿ ತೊಂಬತ್ತಕ್ಕೆ "ನೊನಾಂತ್" ಅಂತ ಒಂದೇ ಪದ, ಪುಣ್ಯವಂತರು. ಇದೆಲ್ಲ ಎದುರಿಗೆ ಒಬ್ರು ಕೂತು ಮತ್ತೆ ಮತ್ತೆ ಹೇಳಿಸ್ಬೇಕಕ್ಕ, ಅದಕ್ಕೇ ಕಟ್ಬೇಡ ಅಂದಿದ್ದು

ಅಕ್ಕ: ಕಟ್ಟಾಯ್ತು

ನಾನು: ಏನು?

ಅಕ್ಕ: ಬೆಳಿಗ್ಗೆನೇ ಕಟ್ಬಿಟ್ಟೆ ಕಣೋ, ನೀವೆಲ್ಲ ಚೆನ್ನಾಗಿದೆ ಅಂತೀರ ಅಂತ ಹಾಕಿದ್ದು 😔

ಭಾವ: ಇಬ್ರು ಸೇರಿದ್ರೆ ತಾನೇ ಆಫರ್ರು?

ಅಕ್ಕ: ಇನ್ನೊಂದು ನಿಮ್ಮ ಹೆಸರಲ್ಲಿ ರೀ

ಭಾವ: ಕೇಳ್ದೇನೇನಾ

ಅತ್ತೆ: ಮಾತಿಲ್ಲ ಕತೆಯಿಲ್ಲ ಅಂತಿದ್ಯಲ್ಲಪ್ಪ, ಈಗ ಫ್ರೆಂಚಲ್ಲಿ ಮಾತಾಡ್ಕೊಳ್ಳಿ ಇಬ್ರೂ

ನಾನು: ಹೋಗ್ಲಿ ಬಿಡು. ವಿಡಿಯೋ ನೀನು ನೋಡು, ಮಂಗಳವಾರ ಶನಿವಾರ ರಾತ್ರಿ ಅರ್ಧ ಗಂಟೆ ನಾನು ವಿಡಿಯೋ ಕಾಲ್ ಮಾಡ್ತೀನಿ, ಕ್ಯಾಮೆರಾಗೆ ತುಟಿ ಕಾಣ್ಬೇಕು. ಹಸಿರು ಟಿಕ್ ನಾನು ಕೊಡ್ತೀನಿ. ಅತ್ತೆ ನೀವೂ ಬನ್ನಿ, ಮ್ಯೂಟ್ ಇರಲ್ಲ

ಅತ್ತೆ: ನೋಡೋಣ

ಅಕ್ಕ: 🎤 0:06

ನಾನು: ಎರಡನೇದು ಸರಿ, ಮೊದಲ್ನೇದಕ್ಕೆ ತುಟಿ ಇನ್ನೂ ಮುಂದೆ

ದೊಡ್ಡಪ್ಪ: 🎤 0:03

ಅತ್ತೆ: ಅಣ್ಣಾ ಇದು ಮೇಲೋ ಕೆಳಗೋ