ಉಂಡದ್ದು ಸುಮ್ನೆ ಬಾಯಿಗೆ ವಾಪಸ್ ಬರುವುದಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ಉಂಡ ಅನ್ನ ಸ್ವಲ್ಪ ಹೊತ್ತಾದ ಮೇಲೆ ಹಾಗೇ ಬಾಯಿಗೆ ಬರುತ್ತದೆ. ಹೊಟ್ಟೆ ತೊಳಸುವುದಿಲ್ಲ, ವಾಕರಿಕೆ ಇಲ್ಲ. ಬಂದದ್ದು ಹುಳಿಯೂ ಅಲ್ಲ, ಕಹಿಯೂ ಅಲ್ಲ. ಬಗ್ಗಿದರೆ ಬರುತ್ತದೆ, ಮಲಗಿದರೆ ಬರುತ್ತದೆ. ನೋಡಿದರೆ ಅನ್ನದ ಅಗುಳು ಅಗುಳಾಗಿಯೇ ಇರುತ್ತದೆ. ಇದಕ್ಕೆ ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಏನು ಹೇಳುತ್ತಾರೆ?

ನಮ್ಮದು ತೀರ್ಥಹಳ್ಳಿ ತಾಲೂಕಿನಲ್ಲಿ ಒಂದು ಔಷಧಿ ಅಂಗಡಿ. ಅಂಗಡಿಯಲ್ಲಿ ತೂಗುಹಾಕಲು, ಊರಿನ ಆಶಾ ಕಾರ್ಯಕರ್ತೆಯರಿಗೆ ಕೊಡಲು ಒಂದು ಹಾಳೆ ಬರೆಯುತ್ತಿದ್ದೇನೆ. ಅಕಲೇಸಿಯಾ ಅನ್ನುವ ಅಪರೂಪದ ಕಾಯಿಲೆಯ ಲಕ್ಷಣಗಳನ್ನು ಜನ ಗುರುತು ಹಿಡಿಯುವಂತೆ ಹೇಳಬೇಕು. ನನ್ನ ಅತ್ತಿಗೆಗೆ ಈ ಕಾಯಿಲೆ ಇತ್ತು. ಹೊಸನಗರದ ಕಡೆ ಇರುವ ಅವರು ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ಆ ಮಾತ್ರೆಯೂ ಎಷ್ಟೋ ಸಲ ಎದೆಯಲ್ಲೇ ನಿಲ್ಲುತ್ತಿತ್ತು.

ಕಾಯಿಲೆ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಪದ ಹುಡುಕಲು ಅದು ಗೊತ್ತಿರಬೇಕು. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ತುತ್ತು ತನ್ನ ಭಾರಕ್ಕೆ ತಾನೇ ಬೀಳುವುದಲ್ಲ. ಕೊಳವೆ ಅಲೆ ಅಲೆಯಾಗಿ ಹಿಂಡಿ ಅದನ್ನು ಕೆಳಗೆ ದೂಡುತ್ತದೆ. ಕೆಳತುದಿಯಲ್ಲಿ, ಹೊಟ್ಟೆಗೆ ಸೇರುವಲ್ಲಿ, ಒಂದು ಸ್ನಾಯುವಿನ ಉಂಗುರ ಇದೆ. ನಾವು ನುಂಗಿದಾಗ ಅದು ಸಡಿಲವಾಗಿ ದಾರಿ ಬಿಡಬೇಕು. ಈ ಕಾಯಿಲೆಯಲ್ಲಿ ಅನ್ನನಾಳದ ಗೋಡೆಯೊಳಗಿನ ನರಕೋಶಗಳು ನಶಿಸುತ್ತಾ ಹೋಗುತ್ತವೆ. ಆಗ ಹಿಂಡುವ ಅಲೆಯೂ ಕೆಡುತ್ತದೆ, ಉಂಗುರವೂ ಸಡಿಲವಾಗುವುದಿಲ್ಲ. ತೂಬು ಎತ್ತದ ಕೆರೆಯಲ್ಲಿ ನೀರು ನಿಂತ ಹಾಗೆ ಉಂಡದ್ದು ಕುಡಿದದ್ದು ಎಲ್ಲ ಅಲ್ಲೇ ನಿಲ್ಲುತ್ತದೆ. ನಿಂತದ್ದು ಒಂದಲ್ಲ ಒಂದು ಹೊತ್ತಿಗೆ ಮೇಲಕ್ಕೆ ಬರುತ್ತದೆ. ನನಗೆ ಪದ ಬೇಕಾಗಿರುವುದು ಹೀಗೆ ಮೇಲಕ್ಕೆ ಬರುವುದಕ್ಕೆ.

ಡಾಕ್ಟರು ಕೇಳುತ್ತಾರೆ, "ವಾಂತಿ ಆಗುತ್ತಾ?" ಅತ್ತಿಗೆ ಪ್ರತಿ ಸಲ "ಇಲ್ಲ" ಅಂದಿದ್ದಾರೆ. ಅವರು ಸುಳ್ಳು ಹೇಳಲಿಲ್ಲ. ವಾಂತಿ ಅಂದರೆ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ಇದೆ. ಮೊದಲು ಹೊಟ್ಟೆ ತೊಳಸಬೇಕು, ಬಾಯಲ್ಲಿ ನೀರೂರಬೇಕು, ಆಮೇಲೆ ಹೊಟ್ಟೆ ಹಿಂಡಿ ಬರಬೇಕು. ಅವರಿಗೆ ಇದ್ಯಾವುದೂ ಆಗುತ್ತಿರಲಿಲ್ಲ. ಹಿತ್ತಿಲಲ್ಲಿ ಪಾತ್ರೆ ತೊಳೆಯಲು ಬಗ್ಗಿದಾಗ ಮಧ್ಯಾಹ್ನದ ಅನ್ನ ಬಾಯಿಗೆ ಬರುತ್ತಿತ್ತು, ಉಗುಳುತ್ತಿದ್ದರು, ಅಷ್ಟೇ. ಬೆಳಿಗ್ಗೆ ಎದ್ದಾಗ ದಿಂಬು ಒದ್ದೆ. ಅದರ ಮೇಲೆ ರಾತ್ರಿ ಉಂಡ ಅನ್ನದ ಅಗುಳು. ಇದನ್ನು ಯಾರಾದರೂ ವಾಂತಿ ಅನ್ನುತ್ತಾರಾ? ಕೇಳಿದ ಪದ ತಪ್ಪಿದರೆ ಉತ್ತರವೂ ತಪ್ಪುತ್ತದೆ, ಅಲ್ವಾ. ವೈದ್ಯರಿಗೆ ಇವೆರಡೂ ಬೇರೆ ಬೇರೆ. ವಾಂತಿಯಲ್ಲಿ ಹೊಟ್ಟೆಯಲ್ಲಿದ್ದದ್ದು ಬರುತ್ತದೆ. ಇಲ್ಲಿ ಬರುವುದು ಹೊಟ್ಟೆಯನ್ನೇ ಮುಟ್ಟದ ಅನ್ನ.

ನನಗೆ ಹೊಳೆದ ಪದಗಳನ್ನು ಇಡುತ್ತೇನೆ, ತಿದ್ದಿ.

ಕಕ್ಕು. ಮಗು ಹಾಲು ಕಕ್ಕಿತು ಅನ್ನುತ್ತೇವೆ. ಹೊಟ್ಟೆ ತುಂಬ ಕುಡಿದ ಕೂಸು ಹೆಗಲ ಮೇಲೆ ಹಾಕಿಕೊಂಡ ತಕ್ಷಣ ಅಳದೆ, ಒದ್ದಾಡದೆ ಸ್ವಲ್ಪ ಹಾಲು ಹೊರಗೆ ಬಿಡುತ್ತದೆ. ನನ್ನ ಮಟ್ಟಿಗೆ ಅರ್ಥದಲ್ಲಿ ಇದೇ ತೀರಾ ಹತ್ತಿರ. ಅಚ್ಚ ಪದ, ತಮಿಳು ತೆಲುಗಿನಲ್ಲೂ ಇದೆ. ತೊಂದರೆ ಏನೆಂದರೆ ದೊಡ್ಡವರ ವಿಷಯಕ್ಕೆ ಬಂದಾಗ ಅದರ ಬಣ್ಣ ಬದಲಾಗುತ್ತದೆ. "ತಿಂದಿದ್ದನ್ನೆಲ್ಲ ಕಕ್ಕಿಸ್ತೀನಿ" ಅಂದರೆ ದುಡ್ಡು ನುಂಗಿದವನ ಮೇಲಿನ ಸಿಟ್ಟು. ಐವತ್ತು ದಾಟಿದ ಹೆಂಗಸಿನ ಮುಂದೆ ಕೂತು "ಅಮ್ಮಾ, ಉಂಡಿದ್ದು ಕಕ್ತೀರಾ?" ಅಂತ ಕೇಳಲು ಆಶಾ ಕಾರ್ಯಕರ್ತೆಗೆ ಬಾಯಿ ಬರುತ್ತದಾ? ನಿಮ್ಮ ಊರಿನಲ್ಲಿ ದೊಡ್ಡವರಿಗೂ ಇದನ್ನು ಮುಜುಗರ ಇಲ್ಲದೆ ಬಳಸುತ್ತಾರೆ ಅಂದರೆ ದಯವಿಟ್ಟು ಹೇಳಿ, ನನ್ನ ಅರ್ಧ ಕೆಲಸ ಮುಗಿಯಿತು.

ಕಾರು. ರಕ್ತ ಕಾರುವುದು, ವಿಷ ಕಾರುವುದು, ಕೆಂಡ ಕಾರುವುದು. ಇದರಲ್ಲಿ ರಭಸ ಇದೆ. ನಾನು ಹೇಳುತ್ತಿರುವುದರಲ್ಲಿ ರಭಸವೇ ಇಲ್ಲ. ಹಾಗಾಗಿ ಬಿಟ್ಟೆ.

ಮೆಲುಕು. ದನ ಮೆಲುಕು ಹಾಕುತ್ತದೆ, ಅನ್ನ ತಿರುಗಿ ಬರುವುದೇನೋ ನಿಜ. ಆದರೆ ಉಂಡ ಸ್ವಲ್ಪ ಹೊತ್ತಿಗೇ ತಿರುಗಿ ಬಾಯಿಗೆ ಬಂದದ್ದನ್ನು ಮತ್ತೆ ಅಗಿದು ನುಂಗುವ ಇನ್ನೊಂದು ತೊಂದರೆ ಮನುಷ್ಯರಲ್ಲಿ ಇದೆ, ಅದು ಬೇರೆ ಕಾಯಿಲೆ. ಮೆಲುಕು ಅನ್ನುವ ಪದವನ್ನು ಅದಕ್ಕೇ ಎತ್ತಿಡುವುದು ಒಳ್ಳೆಯದು.

ಹುಳಿತೇಗು ಖಂಡಿತ ಬೇಡ. ಅದು ಆಸಿಡ್ಡಿಗೆ ಸರಿ. ಈ ಕಾಯಿಲೆಯಲ್ಲಿ ಕೆಲವರಿಗೆ ತೇಗು ಬರುವುದೇ ಕಷ್ಟ. ಆದರೂ ಒಂದು ಎಚ್ಚರಿಕೆ ಹೇಳಬೇಕು. ಅನ್ನನಾಳದಲ್ಲೇ ನಿಂತ ಅನ್ನ ಹುದುಗು ಬಂದು ಹುಳಿಯಾಗುವುದೂ ಉಂಟು, ಎದೆಯುರಿ ಆಗುವುದೂ ಉಂಟು. ಹುಳಿ ಇದೆ ಅಂದ ಮಾತ್ರಕ್ಕೆ ಇದಲ್ಲ ಅಂತ ತಳ್ಳಿಹಾಕುವ ಹಾಗಿಲ್ಲ.

ನೆತ್ತಿಗೆ ಹತ್ತುವುದು. ಇದು ನನಗೆ ತುಂಬ ಇಷ್ಟವಾದ ಪದ. ಊಟ ಮಾಡುವಾಗ ನೀರು ಅಡ್ಡದಾರಿ ಹಿಡಿದು ಕೆಮ್ಮು ಬಂದರೆ ಅಮ್ಮ ನೆತ್ತಿ ತಟ್ಟಿ "ಯಾರೋ ನೆನಸ್ಕೊಂಡ್ರು" ಅನ್ನುತ್ತಾಳೆ. ಎಲ್ಲರಿಗೂ ಗೊತ್ತಿರುವ ಅನುಭವ. ಅಕಲೇಸಿಯಾ ಇರುವವರಿಗೆ ಇದು ನಿದ್ದೆಯಲ್ಲಿ ಆಗುತ್ತದೆ. ಮಲಗಿದಾಗ ಒಳಗೆ ನಿಂತದ್ದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮಿ ಕೆಮ್ಮಿ ಎಚ್ಚರವಾಗುತ್ತದೆ. ಪದೇ ಪದೇ ಹೀಗಾದರೆ ನ್ಯುಮೋನಿಯಾ ಆಗಬಹುದು. "ರಾತ್ರಿ ಕೆಮ್ಮು ಇದೆಯಾ" ಅಂದರೆ ನಮ್ಮ ಮಳೆಗಾಲದಲ್ಲಿ ಅರ್ಧ ಊರು ಹೌದು ಅನ್ನುತ್ತದೆ. "ನಿದ್ದೆಯಲ್ಲಿ ನೆತ್ತಿಗೆ ಹತ್ತಿ ಎದ್ದು ಕೂರ್ತೀರಾ" ಅಂದರೆ ಸರಿಯಾದವರೇ ಹೌದು ಅನ್ನುತ್ತಾರೆ ಅಂತ ನನ್ನ ನಂಬಿಕೆ. ಈ ಬಳಕೆ ಬಯಲುಸೀಮೆ, ಕರಾವಳಿಯಲ್ಲೂ ಹೀಗೇ ಇದೆಯಾ?

ಇನ್ನು ನುಂಗುವ ಮಾತು. ಇಲ್ಲಿ ಕನ್ನಡ ಬೇಕಾದಷ್ಟು ಕೊಟ್ಟಿದೆ, ಆದರೆ ಜನ ಒಂದನ್ನು ಇನ್ನೊಂದರ ಜಾಗದಲ್ಲಿ ಹೇಳಿಬಿಡುತ್ತಾರೆ. "ಊಟ ಸೇರಲ್ಲ" ಅಂದರೆ ರುಚಿ ಇಲ್ಲ, ಹಸಿವಿಲ್ಲ. ಅದಕ್ಕೆ ಹಸಿವಿನ ಟಾನಿಕ್ ಸಿಗುತ್ತದೆ. "ಊಟ ಇಳಿಯಲ್ಲ" ಅಂದರೆ ಹಸಿವಿದೆ, ಒಳಗೆ ಹೋಗುತ್ತಿಲ್ಲ. ಅತ್ತಿಗೆ ಇಳಿಯಲ್ಲ ಅಂತಲೇ ಹೇಳುತ್ತಿದ್ದರು. ಮನೆಯವರು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡರು. ದುಃಖಕ್ಕೂ ನಾವು ಅದೇ ಮಾತು ಹೇಳುತ್ತೇವಲ್ಲ, "ಚಿಂತೆಯಲ್ಲಿ ತುತ್ತು ಗಂಟಲಿಂದ ಇಳೀತಿಲ್ಲ" ಅಂತ. ಮಗಳ ಮದುವೆಯ ಯೋಚನೆ ಹಚ್ಚಿಕೊಂಡಿದ್ದಾರೆ ಅಂತ ಎಲ್ಲರೂ ಸಮಾಧಾನ ಹೇಳಿದರು. ಅವರ ಕಣ್ಣಲ್ಲಿ ನೀರು ಬಂದರೆ ಅದೂ ಸಾಕ್ಷಿಯಾಯಿತು. ಎದೆಯಲ್ಲಿ ತುತ್ತು ನಿಂತರೆ ಯಾರ ಕಣ್ಣಲ್ಲಾದರೂ ನೀರು ಬರುತ್ತದೆ.

ಹಾಗಾಗಿ ಹಾಳೆಯಲ್ಲಿ "ಹಸಿವಿದೆ, ಆದರೆ ಇಳಿಯಲ್ಲ" ಅಂತ ಎರಡನ್ನೂ ಸೇರಿಸಿ ಬರೆಯುವುದು ಅಂತ ತೀರ್ಮಾನಿಸಿದ್ದೇನೆ. ಜೊತೆಗೆ ಏನು ಇಳಿಯಲ್ಲ ಅನ್ನುವುದನ್ನೂ ಕೇಳಬೇಕು. ಮೊದಲು ಕಡುಬು, ರೊಟ್ಟಿ ಸಿಕ್ಕಿಕೊಂಡು, ಆಮೇಲೆ ಮೆತ್ತನೆ ಅನ್ನ, ಆಮೇಲೆ ಗಂಜಿ, ಹೀಗೆ ತಿಂಗಳು ತಿಂಗಳಿಗೆ ಜಾಸ್ತಿಯಾಗುತ್ತಾ ಹೋದರೆ ದಾರಿ ಕಿರಿದಾಗುತ್ತಿದೆ ಅಂತ. ಗಡ್ಡೆ ಇರಬಹುದು, ಒಂದು ದಿನವೂ ತಡ ಮಾಡದೆ ತೋರಿಸಬೇಕು. ಹೊಗೆಸೊಪ್ಪು ಸೇರಿಸಿ ಕವಳ ಹಾಕುವವರಂತೂ ಇದನ್ನು ಹಗುರವಾಗಿ ಕಾಣಲೇಬಾರದು. ಅಕಲೇಸಿಯಾದಲ್ಲಿ ಸಾಮಾನ್ಯವಾಗಿ ಶುರುವಿನಿಂದಲೇ ಅನ್ನವೂ ನಿಲ್ಲುತ್ತದೆ, ನೀರೂ ನಿಲ್ಲುತ್ತದೆ. ತಣ್ಣೀರು ಕುಡಿದರೆ ಕೆಲವರಿಗೆ ಇನ್ನೂ ಜಾಸ್ತಿ. ಒಂದು ದಿನ ಪರವಾಗಿಲ್ಲ, ಇನ್ನೊಂದು ದಿನ ಏನೂ ಹೋಗುವುದಿಲ್ಲ. ನೀರೇ ಇಳಿಯಲ್ಲ ಅನ್ನುವುದನ್ನು ಕೇಳಿದವರು ನಂಬುವುದೂ ಕಷ್ಟ.

ಮಾತಿಗಿಂತ ಮೊದಲು ಕಣ್ಣಿಗೆ ಕಾಣುವುದೂ ಇದೆ. ಪ್ರತಿ ತುತ್ತಿಗೂ ಬಿಸಿನೀರು. ನಾಲ್ಕು ತುತ್ತಾದ ಮೇಲೆ ಎಲೆ ಬಿಟ್ಟು ಎದ್ದು, ಭುಜ ಹಿಂದಕ್ಕೆ ಎಳೆದು, ಕತ್ತು ಎತ್ತಿ, ಎದೆ ಸೆಟೆಸಿ ನಿಲ್ಲುವುದು. ಹಾಗೆ ನಿಂತಾಗ ಒಳಗಿನ ಒತ್ತಡಕ್ಕೆ ಸ್ವಲ್ಪ ಇಳಿಯುತ್ತದೆ, ಅದನ್ನು ಅವರೇ ಕಂಡುಕೊಂಡಿರುತ್ತಾರೆ. ಮದುವೆ ಮುಂಜಿಯಲ್ಲಿ ಪಂಕ್ತಿಗೆ ಕೂರುವುದಿಲ್ಲ. "ಬಡಿಸ್ತೀನಿ, ಆಮೇಲೆ ಕೂರ್ತೀನಿ" ಅನ್ನುತ್ತಾರೆ. ಈ ಎದೆ ಸೆಟೆಸಿ ನಿಲ್ಲುವುದಕ್ಕೂ ನಿಮ್ಮಲ್ಲಿ ಒಂದು ಮಾತಿದ್ದರೆ ಕೊಡಿ.

ಗ್ಯಾಸ್ಟ್ರಿಕ್ ಬಗ್ಗೆ ನನಗೆ ನಿಜವಾಗಿಯೂ ಬೇಸರ ಇದೆ. ಎದೆಯುರಿ, ಹೊಟ್ಟೆಯುಬ್ಬರ, ಹುಳಿತೇಗು, ಅಜೀರ್ಣ, ಎದೆ ಹಿಡಿದುಕೊಳ್ಳುವುದು ಎಲ್ಲಕ್ಕೂ ಬೇರೆ ಬೇರೆ ಪದ ಇದ್ದವು. ಈಗ ಅಂಗಡಿಗೆ ಬರುವವರ ಬಾಯಲ್ಲಿ ಎಲ್ಲವೂ ಗ್ಯಾಸ್ಟ್ರಿಕ್. ಅಕಲೇಸಿಯಾದಲ್ಲಿ ಎದೆಮೂಳೆಯ ಹಿಂದೆ ನೋವು ಬರುತ್ತದೆ, ಅದೂ ಗ್ಯಾಸ್ಟ್ರಿಕ್ಕೇ. (ಎದೆನೋವು ಅಂದಾಗ ಮೊದಲು ಹೃದಯ ತೋರಿಸಬೇಕು, ಅದನ್ನು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಹಾಕುತ್ತೇನೆ.) ಆಸಿಡ್ ಕಡಿಮೆ ಮಾಡುವ ಮಾತ್ರೆ ಬಿಗಿದ ಉಂಗುರವನ್ನು ಸಡಿಲ ಮಾಡುವುದಿಲ್ಲ. ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಶುರುವಿನಲ್ಲಿ ನಾರ್ಮಲ್ ಅಂತಲೂ ಬರಬಹುದು. ಎಕ್ಸರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರವ ಕುಡಿಸಿ ಚಿತ್ರ ತೆಗೆದರೆ ಅನ್ನನಾಳದ ತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಕಾಣುವುದುಂಟು. ಖಚಿತವಾಗಿ ಹೇಳುವುದು ಮ್ಯಾನೋಮೆಟ್ರಿ. ಮೂಗಿನಿಂದ ತೆಳ್ಳಗಿನ ಕೊಳವೆ ಇಳಿಸಿ, ಗುಟುಕು ಗುಟುಕಾಗಿ ನೀರು ಕುಡಿಸಿ, ಒಳಗಿನ ಒತ್ತಡ ಅಳೆಯುತ್ತಾರೆ.

ನಶಿಸಿದ ನರಕೋಶ ವಾಪಸ್ ಬರುವುದಿಲ್ಲ. ಆದರೆ ಉಂಗುರವನ್ನು ಸಡಿಲ ಮಾಡಬಹುದು. ಬಲೂನ್ ಹಾಕಿ ಅಗಲ ಮಾಡುತ್ತಾರೆ. ಜರ್ಮನಿಯ ಅರ್ನ್‌ಸ್ಟ್ ಹೆಲ್ಲರ್ 1913ರಲ್ಲಿ ಆ ಸ್ನಾಯುವನ್ನು ಸೀಳುವ ಶಸ್ತ್ರಚಿಕಿತ್ಸೆ ಮಾಡಿದರು. ಜಪಾನಿನ ಹರುಹಿರೊ ಇನೊಯೆ 2008ರಲ್ಲಿ ಅದನ್ನೇ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಮಾಡಿದರು. ಅತ್ತಿಗೆಗೆ ಆದದ್ದು ಈ ಎರಡನೆಯದು. ಈಗ ಎಲ್ಲರ ಜೊತೆ ಕೂತು ಊಟ ಮಾಡುತ್ತಾರೆ, ನಿಧಾನ ಅಷ್ಟೇ.

ಕಾಯಿಲೆಯ ಹೆಸರಿಗೆ ನಾನು ಕನ್ನಡ ಹುಡುಕುತ್ತಿಲ್ಲ. ಗ್ರೀಕಿನಲ್ಲಿ ಅದರ ಅರ್ಥ ಸಡಿಲವಾಗದಿರುವುದು ಅಂತ. ಅದನ್ನು ಸಂಸ್ಕೃತದಲ್ಲಿ ಕಟ್ಟಿದರೆ ಓದುವವರಿಗೂ ತಿಳಿಯದು, ಚೀಟಿಯಲ್ಲಿ ಡಾಕ್ಟರು ಬರೆದದ್ದಕ್ಕೂ ಹೊಂದದು. ಜನ ತಾವೇ ಇಟ್ಟರೆ ಮಾತು ಬೇರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಗುರುತಾದ ಜ್ವರ ನಮ್ಮವರ ಬಾಯಲ್ಲಿ ಮಂಗನ ಕಾಯಿಲೆ ಆಯಿತು. ಕಂಡದ್ದನ್ನೇ ಹೆಸರಾಗಿಟ್ಟರು, ಇಡೀ ಮಲೆನಾಡಿಗೆ ಅರ್ಥವಾಯಿತು. ಅಕಲೇಸಿಯಾ ಬರುವುದು ಅಂದಾಜು ಲಕ್ಷಕ್ಕೆ ವರ್ಷಕ್ಕೆ ಒಬ್ಬರಿಗೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಸುಮಾರು 17.5 ಲಕ್ಷ ಜನ ಇದ್ದರು. ಆ ಲೆಕ್ಕದಲ್ಲಿ ಇಡೀ ಜಿಲ್ಲೆಗೆ ವರ್ಷಕ್ಕೆ ಹದಿನೈದಿಪ್ಪತ್ತು ಹೊಸಬರು. ಜನರೇ ಹೆಸರಿಡುವಷ್ಟು ಸಾಮಾನ್ಯ ಅಲ್ಲ. ಹೆಸರು ಹಾಗೇ ಇರಲಿ, ಲಕ್ಷಣಗಳು ಮಾತ್ರ ಮನೆಮಾತಿನಲ್ಲಿ ಇರಲಿ.

ಸ್ನಾಯುವಿನ ಉಂಗುರಕ್ಕೆ ಕೆಲವರು ಕವಾಟ ಅಂತ ಬರೆಯುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಕವಾಟ ಅಂದರೆ ಹೃದಯದಲ್ಲಿರುವಂತೆ ಪದರದ ಬಾಗಿಲು, ಇದು ಬಿಗಿದು ಸಡಿಲವಾಗುವ ಸ್ನಾಯು. "ಬಿಗಿಯುಂಗುರ" ಅಂತ ಬರೆದುಕೊಂಡಿದ್ದೇನೆ. ಕಿವಿಗೆ ಹೇಗಿದೆ?

ಉತ್ತರ ಬರೆಯುವಾಗ ಬರೀ ಪದ ಬೇಡ. ಯಾವ ತಾಲೂಕು, ಯಾರ ಮನೆಮಾತು, ಯಾವ ಸಂದರ್ಭದಲ್ಲಿ ಕೇಳಿದಿರಿ ಅಂತ ಒಂದು ವಾಕ್ಯ ಸೇರಿಸಿ. ಹವ್ಯಕರು, ದೀವರು, ಒಕ್ಕಲಿಗರು, ಬ್ಯಾರಿಗಳು, ಕೊಂಕಣಿ ಮನೆಯವರು, ಅಡಿಕೆ ಕೊಯ್ಲಿಗೆ ಬರುವ ಬಯಲುಸೀಮೆಯವರು, ಎಲ್ಲರ ಮಾತೂ ಬೇಕು. ಅಜ್ಜಿಯಂದಿರನ್ನು ಕೇಳಿದರೆ ಇನ್ನೂ ಒಳ್ಳೆಯದು. ಅವರನ್ನು ಕೇಳುವಾಗ ವಾಂತಿ ಅನ್ನುವ ಪದ ಮೊದಲೇ ಬಾಯಿಗೆ ಹಾಕಬೇಡಿ. "ಉಂಡಿದ್ದು ತಾನಾಗೇ ಮೇಲೆ ಬಂದ್ರೆ ಏನಂತೀರಿ" ಅಂತ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದು ಕಳಿಸಿ.